ಮೀನು ಸತ್ತ ನೀರು

“ನಾವು ಮೀನು ತಿನ್ನೋರಲ್ಲ ಡಾಕ್ಟ್ರೇ, ಅವು ಸತ್ರೆ ನಮಗೇನು?” ಭದ್ರಾ ನಾಲೆಯ ಅಚ್ಚುಕಟ್ಟಿನ ಭಕ್ತರೊಬ್ಬರು ನಮ್ಮನ್ನು ಹೀಗೆ ಕೇಳಿದರು. ಅವರ ಊರ ಹಳ್ಳದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದ್ದವು. ಹಿಂದಿನ ದಿನ ಭತ್ತಕ್ಕೆ ಔಷಧಿ ಹೊಡೆದು, ಪಂಪನ್ನು ಅಲ್ಲಿಯೇ ತೊಳೆದಿದ್ದರು. ವಿಷವನ್ನು ‘ಔಷಧಿ’ ಎನ್ನುವ ರೂಢಿ, ಜೀವನವಿಡೀ ಔಷಧ ಕೊಟ್ಟ ನಮಗೆ ಇಂದಿಗೂ ಒಗ್ಗಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸವೆಂಬ ಅಧ್ಯಾಯವಿದೆ. ಊರಿಗೆ ಊರೇ ಏಕೆ ರೋಗಕ್ಕೆ ತುತ್ತಾಗುತ್ತದೆಂಬುದು ಅಲ್ಲಿನ ವಿಚಾರ. ಕೆಟ್ಟ ನೀರಿಗೆ ಹೇಳಿದ ಲಕ್ಷಣಗಳಲ್ಲಿ ವಿಕೃತವಾದ ಬಣ್ಣ, ವಾಸನೆ, ರುಚಿಗಳೊಡನೆ ಇದೂ ಸೇರಿದೆ: ನೀರುಹಕ್ಕಿಗಳು ತೊರೆದುಹೋಗಿರುವುದು, ನೀರೊಳಗಿನ ಜೀವಿಗಳು ಕ್ಷೀಣಿಸಿರುವುದು. ಆಚಾರ್ಯರು ಮೀನನ್ನು ಆಹಾರವೆಂದು ಅಲ್ಲಿ ಎಣಿಸಲಿಲ್ಲ, ಸಾಕ್ಷಿಯೆಂದು ಎಣಿಸಿದರು.

ಆ ಸಾಕ್ಷಿ ನಂಬತಕ್ಕದ್ದು. ಮೀನು ಉಸಿರಾಡುವುದೇ ನೀರಿನಲ್ಲಿ. ಕಿವಿರಿನ ತೆಳುಪೊರೆಯ ಒಂದು ಬದಿಗೆ ರಕ್ತ, ಇನ್ನೊಂದು ಬದಿಗೆ ಹಳ್ಳದ ನೀರು. ಸೈಪರ್‌ಮೆಥ್ರಿನ್ ಎಂಬ ಕೀಟನಾಶಕವನ್ನು ನಮ್ಮ ಯಕೃತ್ತು ಬಹುಮಟ್ಟಿಗೆ ಒಡೆದು ಹೊರಹಾಕಬಲ್ಲುದು. ಮೀನಿಗೆ ಆ ಶಕ್ತಿ ತೀರ ಕಡಿಮೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಅದಕ್ಕೆ ಮಾರಕ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳನ್ನು ನಂಬುವಂತಿಲ್ಲ. ಅವು ಇಲಿಯಂಥ ಪ್ರಾಣಿಗಳ ಲೆಕ್ಕದವು, ಮೀನಿನವಲ್ಲ.

ಕ್ಲೋರ್‌ಪೈರಿಫಾಸ್‌ನಂಥವುಗಳ ಮಾತು ಬೇರೆ. ಅವು ನರಗಳ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಮೀನಿನಲ್ಲಿರುವ ಆ ಕಿಣ್ವ ಮನುಷ್ಯನಲ್ಲಿಯೂ ಇದೆ. ಹಳ್ಳದಲ್ಲಿ ಮೀನು ಅದುರಿ ಸಾಯುವುದಕ್ಕೂ, ಔಷಧಿ ಹೊಡೆದವನ ಕಣ್ಣಪಾಪೆ ಸೂಜಿಮೊನೆಯಷ್ಟಾಗಿ, ಬಾಯಲ್ಲಿ ಜೊಲ್ಲು ಸುರಿದು, ಸ್ನಾಯುಗಳು ಅದುರುವುದಕ್ಕೂ ಕಾರಣ ಒಂದೇ. ಅಂಥವರನ್ನು ಕರೆತಂದರೆ ನಾವು ಒಂದು ಕ್ಷಣವೂ ಇರಿಸಿಕೊಳ್ಳುವುದಿಲ್ಲ, ದೊಡ್ಡಾಸ್ಪತ್ರೆಗೆ ಕಳುಹಿಸುತ್ತೇವೆ. ಅಲ್ಲಿ ಬೇಕಾದುದು ಅಟ್ರೋಪಿನ್, ನಮ್ಮ ಕಷಾಯವಲ್ಲ.

ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟ್ 2011ರಲ್ಲಿ ನಿಷೇಧಿಸಿತು. ಅದೂ ಮೀನಿಗೆ ಘೋರ ವಿಷವೇ. ಪಂಪು ತೊಳೆಯುವ ಜಾಗಕ್ಕೆ ಮಾತ್ರ ಯಾವ ಕೋರ್ಟೂ ಬರಲಾರದು.

ಇನ್ನೊಂದು ಮಾತು. ಸಣ್ಣ ಮೀನುಗಳು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಅವಿಲ್ಲದ ನಿಂತ ನೀರಿನಲ್ಲಿ ಏನು ಹೆಚ್ಚುತ್ತದೆಂಬುದನ್ನು ಮಳೆಗಾಲದ ಜ್ವರದವರೊಡನೆ ಬರುವ ಬಂಧುಗಳಿಗೆ ನಾವು ಹೇಳುತ್ತಲೇ ಇದ್ದೇವೆ.

ಆ ಭಕ್ತರಿಗೆ ನಾವು ಹೇಳಿದ್ದಿಷ್ಟೆ: ಪಂಪು ತೊಳೆದ ನೀರನ್ನು ಹೊಡೆದ ಹೊಲಕ್ಕೇ ಹಾಕಿ, ಹಳ್ಳಕ್ಕಲ್ಲ; ಹೊಡೆದ ಮೇಲೆ ಕೆಲವು ದಿನ ಗದ್ದೆಯ ನೀರನ್ನು ಹೊರಬಿಡಬೇಡಿ; ಖಾಲಿ ಡಬ್ಬಿಯನ್ನು ಮನೆಗೆ ತರಬೇಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಳ್ಳದ ಕೆಳಗಿನ ಊರಿನಲ್ಲಿ ತಮ್ಮ ಮಗಳನ್ನು ಕೊಟ್ಟಿರುವುದಾಗಿ ಹೇಳಿದರು.