ಟ್ರಂಪೆಟ್ ಇಲ್ಲದ ರೆಕಾರ್ಡು

ದೇಶ ಬಿಟ್ಟುಹೋದ ದಕ್ಷಿಣ ಆಫ್ರಿಕಾದ ಜಾಝ್ ಸಂಗೀತಗಾರರು ಎಂದರೆ ಮಿರಿಯಂ ಮಕೇಬಾ, ಹ್ಯೂ ಮಸೆಕೆಲಾ. ಈ ಎರಡು ಹೆಸರು ಬರೆದು, ಕೆಳಗೆ ವರ್ಣಭೇದದ ಬಗ್ಗೆ ನಾಲ್ಕು ಸಾಲು ಸೇರಿಸಿ ಕೈತೊಳೆದುಕೊಳ್ಳುವ ಪಟ್ಟಿಗಳನ್ನು ಓದಿ ಓದಿ ಸಾಕಾಗಿದೆ. ಮೊನ್ನೆ ಪತ್ರಿಕೆಯೊಂದರಲ್ಲಿ ಮತ್ತೆ ಅದೇ ಬಂತು. ಬ್ಲೂ ನೋಟ್ಸ್ ತಂಡಕ್ಕೆ ಅಲ್ಲಿ ಸಿಕ್ಕಿದ್ದು ಒಂದೇ ವಾಕ್ಯ: ಲಂಡನ್ ಸೇರಿದ ಮೇಲೆ ಅವರು ಫ್ರೀ ಜಾಝಿನ ಗದ್ದಲದಲ್ಲಿ ಬೇರು ಕಳೆದುಕೊಂಡರು.

ಬರೆದವರು ಅವರ 'ಬ್ಲೂ ನೋಟ್ಸ್ ಫಾರ್ ಮೊಂಗೇಜಿ' ರೆಕಾರ್ಡು ಕೇಳಿಲ್ಲ. ಕೇಳಿದ್ದರೆ ಹಾಗೆ ಬರೆಯಲು ಕೈ ಏಳುತ್ತಿರಲಿಲ್ಲ.

1964ರಲ್ಲಿ ಫ್ರಾನ್ಸಿನ ಆಂಟೀಬ್ ಉತ್ಸವಕ್ಕೆಂದು ಹೊರಟ ಆರು ಜನರ ತಂಡ ಬ್ಲೂ ನೋಟ್ಸ್. ಪಿಯಾನೊದ ಕ್ರಿಸ್ ಮೆಕ್‌ಗ್ರೆಗರ್ ಬಿಳಿಯರು, ಉಳಿದ ಐವರು ಕರಿಯರು. ಒಟ್ಟಿಗೆ ವೇದಿಕೆ ಹತ್ತಲು ಊರಿನ ಕಾನೂನೇ ಅಡ್ಡ. ಅವರಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಮೊಂಗೇಜಿ ಫೇಜಾ 1975ರ ಡಿಸೆಂಬರ್ 14ರಂದು, 30ನೇ ವಯಸ್ಸಿಗೇ, ಲಂಡನ್ನಿನಲ್ಲಿ ತೀರಿಕೊಂಡರು. ಒಂಬತ್ತು ದಿನ ಕಳೆದು, ಸ್ಮರಣೆಯ ಪ್ರಾರ್ಥನೆ ಮುಗಿಸಿ, ಮೆಕ್‌ಗ್ರೆಗರ್, ಡುಡು ಪುಕ್ವಾನಾ, ಜಾನಿ ಡ್ಯಾನಿ, ಲೂಯಿಸ್ ಮೊಹೊಲೊ ತಾಲೀಮು ಕೋಣೆಯಲ್ಲಿ ಸೇರಿ ನುಡಿಸತೊಡಗಿದರು. ಅದೇ ಈ ರೆಕಾರ್ಡು. ಸಾವಿನ ಮನೆಯಲ್ಲಿ ಅಳು ಏರುತ್ತದೆ, ಸೋಲುತ್ತದೆ, ಯಾರೋ ಹಳೆಯ ಮಾತೊಂದು ತೆಗೆದರೆ ಮತ್ತೆ ಉಕ್ಕುತ್ತದೆ. ಈ ಸಂಗೀತದ ನಡೆಯೂ ಅದೇ. ಜಾನಿ ಬಾಸ್ ನುಡಿಸುತ್ತಲೇ ಖೋಸಾ ನುಡಿಯಲ್ಲಿ ದನಿಯೆತ್ತಿ ಕರೆಯುತ್ತಾರೆ. ಡುಡು ಅವರ ಸ್ಯಾಕ್ಸ್ ಚೀರುತ್ತದೆ, ನಿಜ. ಆ ಚೀರಿನೊಳಗಿಂದಲೇ ಊರಿನ ಕುಣಿತದ ಲಯ ಎದ್ದುಬರುತ್ತದೆ. ಟ್ರಂಪೆಟ್ ಮಾತ್ರ ಬರುವುದಿಲ್ಲ. ಇದರಲ್ಲಿ ಬೇರು ಕಾಣದವರು ಬೇರನ್ನು ಎಲ್ಲಿ ಹುಡುಕುತ್ತಾರೆ?

ಮಸೆಕೆಲಾ ಅವರನ್ನೇ ಕೇಳುತ್ತೇವೆ ಎನ್ನುವವರು 1972ರ 'ಹೋಮ್ ಈಸ್ ವೇರ್ ದ ಮ್ಯೂಸಿಕ್ ಈಸ್' ತೆಗೆದು ಕೇಳಲಿ. ಅಲ್ಲಿ ಅವರ ಪಕ್ಕದಲ್ಲಿ ನಿಂತು ನುಡಿಸುತ್ತಿರುವುದು ಇದೇ ಡುಡು. ಮೊಹೊಲೊ ಅವರ 1978ರ 'ಸ್ಪಿರಿಟ್ಸ್ ರಿಜಾಯ್ಸ್!' ರೆಕಾರ್ಡಿನಲ್ಲಿ ಮೊಂಗೇಜಿ ಕಟ್ಟಿದ ಮಟ್ಟೊಂದಿದೆ. ನನ್ನನ್ನು ಬಲ್ಲೆ ಎಂದುಕೊಂಡವನಿಗೆ ನಾನು ತಿಳಿಯಲಾರೆ ಎಂಬರ್ಥದ ಹೆಸರು ಅದಕ್ಕೆ. ಪಟ್ಟಿ ಮಾಡುವವರು ಅದೊಂದನ್ನಾದರೂ ಕೇಳಬೇಕು.

ಈ ಸಂಚಿಕೆಯ ಲೇಖನಗಳು ಇಂಥ ರೆಕಾರ್ಡುಗಳನ್ನು ಕುರಿತವು.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ದಕ್ಷಿಣ ಆಫ್ರಿಕಾದ ಗಾಯಕಿ ಸಥೀಮಾ ಬೀ ಬೆಂಜಮಿನ್ ಹೆಸರು ಬಂದಾಗಲೆಲ್ಲ 'ಅಬ್ದುಲ್ಲಾ ಇಬ್ರಾಹಿಂ ಅವರ ಪತ್ನಿ' ಎಂದು ಬರೆದು ಮುಂದೆ ಹೋಗುತ್ತಾರೆ. 1963ರಲ್ಲಿ ಪ್ಯಾರಿಸ್ಸಿನಲ್ಲಿ ಡ್ಯೂಕ್ ಎಲಿಂಗ್ಟನ್ ತಾವೇ ಮುಂದೆ ನಿಂತು ಆಕೆಯ ಹಾಡುಗಳನ್ನು ಧ್ವನಿಮುದ್ರಿಸಿದರು. ರೆಕಾರ್ಡು ಹೊರಬರಲಿಲ್ಲ, ಟೇಪು ಕಳೆದೇಹೋಯಿತು ಎಂದುಕೊಂಡಿದ್ದರು. 'ಎ ಮಾರ್ನಿಂಗ್ ಇನ್ ಪ್ಯಾರಿಸ್' ಕೇಳುಗರ ಕೈಸೇರಿದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಆಕೆಗೆ ಅರವತ್ತು ದಾಟಿತ್ತು.