ಮುಳುಗಿದ ಕಾರಿನ ಕತೆ ಆರ್‌ಸಿಯಲ್ಲೇ ಇರಲಿ

ಅಪಘಾತದಲ್ಲಿ ನುಜ್ಜುಗುಜ್ಜಾದ ಅಥವಾ ನೆರೆಯಲ್ಲಿ ಮುಳುಗಿದ ಕಾರಿನ ರಿಪೇರಿ ಖರ್ಚು ಅದರ ವಿಮಾ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ‘ಟೋಟಲ್ ಲಾಸ್’ ಎಂದು ಲೆಕ್ಕ ಹಾಕಿ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಇಂಥ ಎಷ್ಟೋ ಕಾರುಗಳು ಆಮೇಲೆ ಆನ್‌ಲೈನ್ ಹರಾಜಿಗೆ ಬರುತ್ತವೆ. ಅಲ್ಲಿ ಕೊಂಡವರಲ್ಲಿ ಕೆಲವರು ತೊಳೆದು, ಬಣ್ಣ ಹೊಡೆಸಿ, ಸೀಟು ಬದಲಿಸಿ ಏನೂ ಆಗದ ಕಾರೆಂಬಂತೆ ಮತ್ತೊಮ್ಮೆ ಮಾರುತ್ತಾರೆ. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ನೀರಲ್ಲಿ ನಿಂತಂಥ ಕಾರು ಹೀಗೆ ಮಾರಾಟಕ್ಕೆ ಬಂದರೆ ಕೊಳ್ಳುವವರಿಗೆ ತಿಳಿಯುವುದಾದರೂ ಹೇಗೆ? ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಮಾಲೀಕರ ಹೆಸರಿದೆ, ಸಾಲ ಕೊಟ್ಟ ಬ್ಯಾಂಕಿನ ಹೆಸರಿದೆ. ಕಾರು ನೀರಲ್ಲಿ ಮುಳುಗಿತ್ತು ಎಂಬ ಮಾತಿಲ್ಲ. ಮೋಸಕ್ಕೆ ಜಾಗ ಸಿಗುವುದೇ ಇಲ್ಲಿ.

ಇದಕ್ಕಿಂತ ಕೆಟ್ಟದ್ದೂ ನಡೆಯುತ್ತದೆ. ಕಳ್ಳರ ಜಾಲಗಳು ಗುಜರಿ ಕಾರನ್ನು ಕೊಳ್ಳುವುದು ಕಾರಿಗಾಗಿ ಅಲ್ಲ, ಅದರ ದಾಖಲೆಗಾಗಿ. ಅದೇ ಮಾದರಿಯ, ಅದೇ ಬಣ್ಣದ ಕಾರೊಂದನ್ನು ಕದ್ದು, ಗುಜರಿ ಕಾರಿನ ಚಾಸಿ ನಂಬರನ್ನು ಅದರ ಮೇಲೆ ಕೊರೆದರೆ ಆಯಿತು: ಆರ್‌ಸಿ ಅಸಲಿ, ಕಾರು ಮಾತ್ರ ಕದ್ದದ್ದು. ಉತ್ತರ ಭಾರತದಲ್ಲಿ ಪೊಲೀಸರು ಇಂಥ ಜಾಲಗಳನ್ನು ಹಲವು ಸಲ ಹಿಡಿದಿದ್ದಾರೆ. ಸಿಕ್ಕಿಬಿದ್ದ ದಿನ ಕಾರು ಠಾಣೆ ಸೇರುತ್ತದೆ. ಕೊಂಡವರ ಹಣವೂ ಹೋಗುತ್ತದೆ. ನಾಶವಾದ ಅಥವಾ ಶಾಶ್ವತವಾಗಿ ಬಳಕೆಗೆ ಬಾರದ ವಾಹನದ ವಿಷಯವನ್ನು 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆದರೆ ಟೋಟಲ್ ಲಾಸ್ ಎಂಬುದು ಹಣದ ಲೆಕ್ಕ. ಕಾರು ರಿಪೇರಿ ಆಗುವಂತಿದ್ದರೆ ಕಾಯ್ದೆಯ ಕಣ್ಣಿಗೆ ಅದು ನಾಶವಾದದ್ದಲ್ಲ. ಈ ಸಂದಿಯಲ್ಲೇ ಆರ್‌ಸಿ ಜೀವಂತ ಉಳಿಯುತ್ತದೆ.

ಹರಾಜೆಂದರೆ ಇದ್ದದ್ದು ಇದ್ದ ಹಾಗೆ, ನೋಡಿಕೊಳ್ಳುವ ಹೊಣೆ ಕೊಳ್ಳುವವರದು ಎಂಬ ವಾದವಿದೆ. ಅರ್ಧ ಒಪ್ಪತಕ್ಕ ಮಾತು. ಯಾರ್ಡಿಗೆ ಹೋಗಿ ಚಾಸಿ, ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡುವುದು, ಸಾಲ ಮತ್ತು ಬಾಕಿ ದಂಡವನ್ನು ಪರಿವಾಹನ್ ತಾಣದಲ್ಲಿ ಹುಡುಕುವುದು, ಬ್ಯಾಂಕು ಸೀಜ್ ಮಾಡಿದ ಗಾಡಿಯಾದರೆ ಸಾಲ ತೀರಿದ್ದಕ್ಕೆ ನಮೂನೆ 35 ಕೇಳುವುದು ಕೊಳ್ಳುವವರ ಕೆಲಸವೇ. ತಾನು ಸೈನಿಕ, ವರ್ಗವಾಗಿದೆ ಎಂದು ಹೇಳಿ, ಗಾಡಿ ತೋರಿಸದೆ ಮುಂಗಡ ಕೇಳುವವರಿಗೆ ಬಿಡಿಗಾಸೂ ಕಳಿಸಬಾರದು. ಆದರೆ ವೈರಿಂಗಿನೊಳಗೆ ಇಳಿದ ನೀರು, ನುರಿತ ಕೈ ಕೊರೆದ ನಂಬರು ಮೆಕ್ಯಾನಿಕ್ಕಿನ ಕಣ್ಣಿಗೂ ಬೀಳದೆ ಹೋಗಬಹುದು. ಟೋಟಲ್ ಲಾಸ್ ಆದ ಕಾರೆಂದು ಆರ್‌ಸಿಯಲ್ಲಿ ಗುರುತು ಹಾಕಿದರೆ ಗುಜರಿಯ ಬೆಲೆ ಕುಸಿದು, ಆ ನಷ್ಟಕ್ಕೆ ಎಲ್ಲರ ವಿಮಾ ಕಂತು ಏರುತ್ತದೆ ಎನ್ನುವವರೂ ಇದ್ದಾರೆ. ಸ್ವಲ್ಪ ಏರಬಹುದು. ಈಗ ಸಿಗುತ್ತಿರುವ ಹೆಚ್ಚಿನ ಬೆಲೆಯಲ್ಲಿ ಒಂದು ಪಾಲು, ಏನೂ ತಿಳಿಯದೆ ಕೊನೆಗೆ ಕೊಳ್ಳುವವರ ಜೇಬಿನಿಂದ ಬರುವುದಲ್ಲವೇ? ಎಲ್ಲರೂ ತುಸು ಕೊಡುವುದು ಒಬ್ಬರು ಪೂರ್ತಿ ಮುಳುಗುವುದಕ್ಕಿಂತ ನ್ಯಾಯ.

ಟೋಟಲ್ ಲಾಸ್ ಪರಿಹಾರ ಕೊಟ್ಟ ದಿನವೇ ಆ ಮಾಹಿತಿ ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಸೇರಿ ಎಲ್ಲರಿಗೂ ಕಾಣುವಂತೆ ಸಾರಿಗೆ ಸಚಿವಾಲಯ ನಿಯಮ ಮಾಡಬೇಕು. ಅಲ್ಲಿಯವರೆಗೆ ಹಳೆಯ ವಿಮಾ ಕ್ಲೇಮುಗಳ ವಿವರ ಕೇಳಿ ಪಡೆಯಿರಿ. ಕೊಡಲು ಒಪ್ಪದವರ ಕಾರಿಗೆ ಬಿಡ್ ಹಾಕಬೇಡಿ. ಹಣ ಕಳಿಸಿದ ಮೇಲೆ ಮೋಸವೆಂದು ತಿಳಿದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.