ಕೆಥೆಡ್ರಲನ್ನು ಕಟ್ಟಿಸಿದವರಾರು?

ಮಧ್ಯಯುಗದ ಯುರೋಪಿನ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಫ್ರಾನ್ಸಿನ ಕೆಥೆಡ್ರಲೊಂದರ ಚಿತ್ರವನ್ನು ನೋಡಿ, “ಸರ್, ಇದನ್ನು ಯಾವ ರಾಜ ಕಟ್ಟಿಸಿದ?” ಎಂದು ಕೇಳಿದನು. ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ಉಳಿದ ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಕೆಥೆಡ್ರಲ್ ಎಂದರೆ ಬಿಷಪರ ಪೀಠವಿರುವ ಮಹಾ ಇಗರ್ಜಿ. ಅದು ಬಹುಮಟ್ಟಿಗೆ ಅರಸನ ಬೊಕ್ಕಸದಿಂದ ಎದ್ದುದಲ್ಲ. 1194ರಲ್ಲಿ ಶಾರ್ತ್ರ್ ನಗರದ ಕೆಥೆಡ್ರಲ್ ಬೆಂಕಿಗೆ ಆಹುತಿಯಾದಾಗ ಅಲ್ಲಿಯ ಬಿಷಪರೂ ಪಾದ್ರಿಮಂಡಲಿಯೂ ಮೂರು ವರ್ಷಗಳ ಕಾಲ ತಮ್ಮ ಆದಾಯದ ಬಹುಭಾಗವನ್ನು ಪುನರ್ನಿರ್ಮಾಣಕ್ಕೆ ಬಿಟ್ಟುಕೊಟ್ಟರು. ದೊಡ್ಡ ತ್ಯಾಗವೇ ಸರಿ. ಆದರೆ ಆ ಆದಾಯವಾದರೂ ಏನು? ಇಗರ್ಜಿಯ ಜಮೀನುಗಳ ಗೇಣಿ, ರೈತನು ಬೆಳೆಯ ಹತ್ತರಲ್ಲೊಂದು ಪಾಲಾಗಿ ಒಪ್ಪಿಸಲೇಬೇಕಾಗಿದ್ದ ದಶಾಂಶ. ಶಾರ್ತ್ರಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ರೊಟ್ಟಿ ಮಾರುವವರೂ ಚಮ್ಮಾರರೂ ಕಾಣುತ್ತಾರೆ. ಅವರೇ ಆ ಕಿಟಕಿಗಳ ದಾನಿಗಳೆಂದು ಬಹುಕಾಲ ನಂಬಿದ್ದರು. ಈಗ ಕೆಲವು ವಿದ್ವಾಂಸರು ಅದನ್ನು ಸಂಶಯಿಸುತ್ತಾರೆ. ದಶಾಂಶ ತೆತ್ತ ರೈತನನ್ನಂತೂ ದಾನಿಯೆಂದು ಕರೆಯುವವರು ವಿರಳ.

ಹಣ ಕೂಡಿಸುವ ಬೇರೆ ದಾರಿಗಳೂ ಇದ್ದವು. 1112ರಲ್ಲಿ ಲಾನ್ ನಗರದ ಕೆಥೆಡ್ರಲ್ ಸುಟ್ಟಾಗ ಪಾದ್ರಿಗಳು ಸಂತರ ಪವಿತ್ರ ಅವಶೇಷಗಳನ್ನು ಹೊತ್ತು ಊರೂರು ತಿರುಗಿ, ಮರುವರ್ಷ ಸಮುದ್ರ ದಾಟಿ ಇಂಗ್ಲೆಂಡಿಗೂ ಹೋಗಿ ಕಾಣಿಕೆ ಎತ್ತಿದರು. ರುವಾನ್ ನಗರದ ಕಥೆ ಇನ್ನೂ ರುಚಿಕರ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಬೆಣ್ಣೆ ನಿಷಿದ್ಧ. ಹಣ ಕೊಟ್ಟವರಿಗೆ ಅದನ್ನು ತಿನ್ನಲು ಅನುಮತಿ ದೊರೆಯುತ್ತಿತ್ತು. ಆ ಹಣದ ನೆರವಿನಿಂದ 15ನೆಯ ಶತಮಾನದ ಕೊನೆಯಲ್ಲಿ ಆರಂಭವಾದ ಗೋಪುರಕ್ಕೆ ಇಂದಿಗೂ ‘ಬೆಣ್ಣೆಯ ಗೋಪುರ’ವೆಂದೇ ಹೆಸರು. ನೀವು ನಗಬಹುದು. ನನಗಾದರೋ ಈ ಹಣವೇ ಎಲ್ಲಕ್ಕಿಂತ ಪ್ರಾಮಾಣಿಕವೆನಿಸುತ್ತದೆ. ತಾನು ಏತಕ್ಕೆ ಕೊಡುತ್ತಿರುವೆನೆಂಬುದನ್ನು ಕೊಟ್ಟವನು ಚೆನ್ನಾಗಿ ಬಲ್ಲನು.

ಇವೆಲ್ಲ ಭಕ್ತಿಯಿಂದಲೇ ಎದ್ದವೆಂದು ಕೆಲವರು, ಸುಲಿಗೆಯಿಂದಲೇ ಎದ್ದವೆಂದು ಮತ್ತೆ ಕೆಲವರು ಹೇಳುವುದುಂಟು. ಎರಡೂ ಸೋಮಾರಿಗಳ ಮಾತು. ಒಂದೇ ಊರಿನಲ್ಲಿ, ಒಂದೇ ಮನೆಯಲ್ಲಿ ಎರಡೂ ಇದ್ದಿರಬೇಕು. ಕಾಣಿಕೆಯ ಪೆಟ್ಟಿಗೆಗೆ ಮನಸಾರೆ ನಾಣ್ಯ ಹಾಕಿದವನೇ ತೆರಿಗೆಯವನನ್ನು ಕಂಡು ಬಾಗಿಲು ಮುಚ್ಚಿರಲಾರನೆ?

ಫ್ರಾನ್ಸಿನ ಅರಸರಿಗೆ ಪಟ್ಟಾಭಿಷೇಕವಾಗುತ್ತಿದ್ದ ರೀಮ್ಸ್ ನಗರವನ್ನೇ ನೋಡಿರಿ. ಅಲ್ಲಿಯ ಕೆಥೆಡ್ರಲಿನ ಕೆಲಸ 1211ರಲ್ಲಿ ಮೊದಲಾಯಿತು. ಆರ್ಚ್‌ಬಿಷಪರೇ ನಗರದ ಒಡೆಯರು. ತೆರಿಗೆ, ನ್ಯಾಯಾಧಿಕಾರಗಳ ಕಲಹ ಬೆಳೆದು 1233ರಲ್ಲಿ ನಾಗರಿಕರು ದಂಗೆಯೆದ್ದರು. ಕೆಥೆಡ್ರಲಿಗೆಂದು ತಂದಿದ್ದ ಕಲ್ಲುಗಳನ್ನೇ ಹೊತ್ತೊಯ್ದು ಬೀದಿಗಳಿಗೆ ಅಡ್ಡಗೋಡೆ ಹಾಕಿದರು. ಪಾದ್ರಿಗಳು ಊರು ಬಿಟ್ಟರು, ಕೆಲಸ ನಿಂತಿತು. ಆಗ ರಾಜನು ಬಂದನು, ಆದರೆ ಕಟ್ಟಿಸುವುದಕ್ಕಲ್ಲ, ತೀರ್ಪು ಹೇಳುವುದಕ್ಕೆ. 1236ರಲ್ಲಿ ಒಂಬತ್ತನೆಯ ಲೂಯಿ ನಾಗರಿಕರ ವಿರುದ್ಧವಾಗಿ ನಿರ್ಣಯವಿತ್ತನು. ಅಡ್ಡಗೋಡೆ ಹಾಕಿದವರು ದಂಡ ತೆತ್ತರು. ಪಾದ್ರಿಗಳು ಹಿಂದಿರುಗಿದರು, ಕೆಲಸ ಮತ್ತೆ ಸಾಗಿತು.